ಆಸ್ಟ್ರೇಲಿಯಾದಲ್ಲಿ ಮನೆಗೆ ಕರೆಂಟ್, ಗ್ಯಾಸ್ ಕಂಪನಿ ಆರಿಸಿಕೊಳ್ಳುವುದು ಹೇಗೆ?

ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರು ತಪ್ಪದೇ ಕೇಳುವ ಪ್ರಶ್ನೆ ಇದು: "ಬಾಡಿಗೆ ಮನೆ ಸಿಕ್ಕಿತು, ಶುಕ್ರವಾರ ಕೀ ಕೊಡ್ತಾರೆ. ಕರೆಂಟ್ ಯಾವ ಕಂಪನಿಯಿಂದ ತಗೊಳ್ಳಲಿ?" ಹತ್ತು ವರ್ಷದಿಂದ ಇಲ್ಲೇ ಇರುವವರೂ ಕೇಳುತ್ತಾರೆ, ಸ್ವಲ್ಪ ಬೇರೆ ಥರ: "ಬಿಲ್ ಯಾಕೆ ಇಷ್ಟು ಜಾಸ್ತಿ ಬರ್ತಿದೆ?"

ಎಲ್ಲರಿಗೂ ಒಳ್ಳೆಯದಾದ ಕಂಪನಿ ಅಂತ ಒಂದಿಲ್ಲ. ಪಕ್ಕದ ಮನೆಯವರಿಗೆ ಅಗ್ಗವಾದ ಪ್ಲಾನ್ ನಿಮಗೆ ದುಬಾರಿಯಾಗಬಹುದು. ನಿಮ್ಮ ಮನೆಯಲ್ಲಿ ಎಷ್ಟು ಯೂನಿಟ್ ಖರ್ಚಾಗುತ್ತದೆ, ದಿನದ ಯಾವ ಹೊತ್ತಿನಲ್ಲಿ ಖರ್ಚಾಗುತ್ತದೆ ಎಂಬುದು ಗೊತ್ತಿದ್ದರೆ ಕಂಪನಿ ಆರಿಸುವುದು ಅರ್ಧ ಗಂಟೆಯ ಕೆಲಸ. ಅದನ್ನು ಒಂದೊಂದೇ ಹಂತವಾಗಿ ನೋಡೋಣ.

ಶುರು ಮಾಡುವ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಊರಿನಲ್ಲಿ ನಮಗೆ ಈ ತಲೆನೋವು ಇರಲಿಲ್ಲ. ಬೆಂಗಳೂರಾದರೆ ಬೆಸ್ಕಾಂ, ಹುಬ್ಬಳ್ಳಿಯಾದರೆ ಹೆಸ್ಕಾಂ, ಮಂಗಳೂರಾದರೆ ಮೆಸ್ಕಾಂ. ಕಂಬ, ತಂತಿ, ಮೀಟರ್, ಬಿಲ್ ಎಲ್ಲವೂ ಒಬ್ಬರದೇ. ಇಲ್ಲಿ ಈ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದಾರೆ.

ಒಬ್ಬರು ಡಿಸ್ಟ್ರಿಬ್ಯೂಟರ್. ಕಂಬ, ತಂತಿ, ಗ್ಯಾಸ್ ಪೈಪು ನೋಡಿಕೊಳ್ಳುವವರು. ಸಿಡ್ನಿಯಲ್ಲಿ ಆಸ್‌ಗ್ರಿಡ್ ಅಥವಾ ಎಂಡೆವರ್ ಎನರ್ಜಿ, ಮೆಲ್ಬರ್ನ್‌ನಲ್ಲಿ ಬಡಾವಣೆಗೆ ತಕ್ಕಂತೆ ಸಿಟಿಪವರ್, ಪವರ್‌ಕೋರ್, ಜೆಮೆನಾ, ಆಸ್‌ನೆಟ್ ಅಥವಾ ಯುನೈಟೆಡ್ ಎನರ್ಜಿ, ಬ್ರಿಸ್ಬೇನ್‌ನಲ್ಲಿ ಎನರ್ಜೆಕ್ಸ್, ಅಡಿಲೇಡ್‌ನಲ್ಲಿ ಎಸ್‌ಎ ಪವರ್ ನೆಟ್‌ವರ್ಕ್ಸ್. ಇವರನ್ನು ನೀವು ಆರಿಸುವ ಹಾಗಿಲ್ಲ. ಮನೆ ಎಲ್ಲಿದೆಯೋ ಅಲ್ಲಿಯವರೇ ಗತಿ.

ಇನ್ನೊಬ್ಬರು ರಿಟೇಲರ್. ಅಂದರೆ ಕರೆಂಟನ್ನು ಸಗಟಾಗಿ ಕೊಂಡು ನಿಮಗೆ ಮಾರಿ, ಬಿಲ್ ಕಳಿಸುವ ಕಂಪನಿ. ನೀವು ಆರಿಸಿಕೊಳ್ಳುವುದು ಇವರನ್ನು ಮಾತ್ರ.

ಹಾಗಾಗಿ ಕಂಪನಿ ಬದಲಾಯಿಸಿದರೆ ಕರೆಂಟ್ ಹೋಗುತ್ತದೆ, ವೋಲ್ಟೇಜ್ ಕಡಿಮೆಯಾಗುತ್ತದೆ ಅನ್ನುವ ಭಯ ಬೇಡ. ಅದೇ ತಂತಿ, ಅದೇ ಪೈಪು, ಅದೇ ಮೀಟರ್. ಬದಲಾಗುವುದು ಬಿಲ್ ಮಾತ್ರ. ಕರೆಂಟ್ ಹೋದಾಗ ಫೋನ್ ಮಾಡಬೇಕಾದದ್ದು ಡಿಸ್ಟ್ರಿಬ್ಯೂಟರ್‌ಗೆ. ಅವರ ನಂಬರ್ ಬಿಲ್‌ನಲ್ಲೇ ಇರುತ್ತದೆ.

ಹಂತ 1: ನಿಮಗೆ ಆಯ್ಕೆ ಇದೆಯಾ ನೋಡಿಕೊಳ್ಳಿ

ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ, ಕ್ಯಾನ್‌ಬೆರಾ ಮತ್ತು ಕ್ವೀನ್ಸ್‌ಲ್ಯಾಂಡ್‌ನ ಆಗ್ನೇಯ ಭಾಗ, ಅಂದರೆ ಬ್ರಿಸ್ಬೇನ್, ಗೋಲ್ಡ್ ಕೋಸ್ಟ್ ಕಡೆ, ಆಯ್ಕೆ ಇದೆ. ಟಾಸ್ಮೇನಿಯಾದಲ್ಲಿ ಇದೆ, ಆದರೆ ಕಂಪನಿಗಳು ಕಡಿಮೆ. ಪರ್ತ್‌ನಲ್ಲಿ ಮನೆಗಳಿಗೆ ಕರೆಂಟ್ ಕೊಡುವುದು ಸಿನರ್ಜಿ ಒಂದೇ, ಗ್ಯಾಸ್‌ಗೆ ಮಾತ್ರ ಆಯ್ಕೆ ಇದೆ. ಕ್ವೀನ್ಸ್‌ಲ್ಯಾಂಡ್‌ನ ಉಳಿದ ಊರುಗಳ ಹೆಚ್ಚಿನ ಮನೆಗಳಿಗೆ ಎರ್ಗಾನ್, ಡಾರ್ವಿನ್ ಕಡೆ ಬಹುತೇಕ ಮನೆಗಳಿಗೆ ಜಕಾನಾ ಎನರ್ಜಿ. ಅಲ್ಲಿರುವವರು ಕಂಪನಿ ಹುಡುಕಬೇಕಾಗಿಲ್ಲ. ಇರುವ ಕಂಪನಿಯ ಪ್ಲಾನ್‌ಗಳಲ್ಲಿ ಯಾವುದು ಹೊಂದುತ್ತದೆ ಎಂದು ನೋಡಿದರೆ ಸಾಕು.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಇಲ್ಲಿ ಸ್ವಲ್ಪ ನಿಂತು ಓದಿ. ಕೆಲವು ಕಟ್ಟಡಗಳಲ್ಲಿ 'ಎಂಬೆಡೆಡ್ ನೆಟ್‌ವರ್ಕ್' ಇರುತ್ತದೆ. ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಸಂಪರ್ಕ ತೆಗೆದುಕೊಂಡು, ಒಳಗಿನ ಮನೆಗಳಿಗೆ ಒಬ್ಬ ಮಾರಾಟಗಾರ ಹಂಚುವ ವ್ಯವಸ್ಥೆ ಅದು. ಅಂಥ ಕಡೆ ಹೊರಗಿನ ಕಂಪನಿಗೆ ಹೋಗುವುದು ಕಷ್ಟ. ಕೆಲವು ಸಲ ಸಾಧ್ಯವೇ ಇಲ್ಲ. ಬಿಸಿನೀರು ಕೂಡ ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್‌ನಿಂದ ಬಂದು, ಅದಕ್ಕೆ ಬೇರೆ ಬಿಲ್ ಬರುವುದುಂಟು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಏಜೆಂಟರನ್ನು ಕೇಳಿ: "ಈ ಕಟ್ಟಡದಲ್ಲಿ ಎಂಬೆಡೆಡ್ ನೆಟ್‌ವರ್ಕ್ ಇದೆಯಾ? ಬಿಸಿನೀರಿನ ಬಿಲ್ ಯಾರು ಕಳಿಸುತ್ತಾರೆ?" ಸಹಿ ಆದ ಮೇಲೆ ಕೇಳಿ ಉಪಯೋಗವಿಲ್ಲ.

ಹಂತ 2: ಹಳೇ ಬಿಲ್ ಕೈಗೆ ತೆಗೆದುಕೊಳ್ಳಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಒಂದೇ ಬಿಲ್ ಸಾಲದು, ಸಿಕ್ಕರೆ ಪೂರ್ತಿ ವರ್ಷದ ಬಿಲ್‌ಗಳು ಬೇಕು. ಇಲ್ಲಿ ಕರೆಂಟ್ ಬಿಲ್ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಕೆಲವರಿಗೆ ತಿಂಗಳಿಗೊಮ್ಮೆ. ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ ಅನ್ನುವುದು ನೆನಪಿರಲಿ. ಮೆಲ್ಬರ್ನ್‌ನ ಜುಲೈ ಬಿಲ್ ನೋಡಿ ವರ್ಷದ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಅಕ್ಟೋಬರ್ ಬಿಲ್ ನೋಡಿ ಹಾಕಿದರೆ ಸುಳ್ಳು ಸಮಾಧಾನ.

ಬಿಲ್‌ನಲ್ಲಿ ಹುಡುಕಬೇಕಾದವು ಇವು:

• ಎನ್ಎಂಐ. ನಿಮ್ಮ ಕರೆಂಟ್ ಸಂಪರ್ಕದ ನಂಬರ್, 10 ಅಥವಾ 11 ಅಕ್ಷರ-ಅಂಕಿ ಇರುತ್ತದೆ. ನಮ್ಮ ಆರ್‌ಆರ್ ನಂಬರ್ ಇದ್ದ ಹಾಗೆ. ಫೋನ್‌ನಲ್ಲಿ ಮಾತಾಡುವವರು ಇದನ್ನು "ನಿಮ್ಮಿ" ಅನ್ನುತ್ತಾರೆ, ಗಲಿಬಿಲಿಯಾಗಬೇಡಿ. ಗ್ಯಾಸ್‌ಗೆ ಇಂಥದ್ದೇ ನಂಬರ್‌ಗೆ ವಿಕ್ಟೋರಿಯಾದಲ್ಲಿ ಎಂಐಆರ್‌ಎನ್, ನ್ಯೂ ಸೌತ್ ವೇಲ್ಸ್‌ನಲ್ಲಿ ಡಿಪಿಐ ಎಂದು ಹೆಸರು.

• ಸಪ್ಲೈ ಚಾರ್ಜ್. ಒಂದು ಬಲ್ಬ್ ಕೂಡ ಹಾಕದಿದ್ದರೂ ದಿನಕ್ಕಿಷ್ಟು ಸೆಂಟ್ ಎಂದು ಕೊಡಬೇಕಾದ ನಿಗದಿ ಹಣ.

• ಯೂಸೇಜ್ ಚಾರ್ಜ್. ಬಳಸಿದ ಪ್ರತಿ ಯೂನಿಟ್‌ಗೆ ಕೊಡುವ ದರ. ಕರೆಂಟಿನ ಯೂನಿಟ್ ಊರಿನದೇ, ಕಿಲೋವ್ಯಾಟ್-ಅವರ್. ಗ್ಯಾಸನ್ನು ಮಾತ್ರ ಮೆಗಾಜೂಲ್‌ನಲ್ಲಿ ಅಳೆಯುತ್ತಾರೆ. 3.6 ಮೆಗಾಜೂಲ್ ಅಂದರೆ ಕರೆಂಟಿನ ಒಂದು ಯೂನಿಟ್‌ನಷ್ಟು ಶಕ್ತಿ.

• ಕಂಟ್ರೋಲ್ಡ್ ಲೋಡ್. ಬಿಸಿನೀರಿನ ಟ್ಯಾಂಕ್‌ಗೆ ಬೇರೆ ಲೈನ್ ಇದ್ದು, ಕಂಪನಿಯೇ ಗೊತ್ತಾದ ಹೊತ್ತಿನಲ್ಲಿ ಅದನ್ನು ಕಾಯಿಸಿ ಕಡಿಮೆ ದರ ಹಾಕುವುದು. ಬಿಲ್‌ನಲ್ಲಿ ಈ ಸಾಲು ಇದ್ದರೆ ಪ್ಲಾನ್ ಹೋಲಿಸುವಾಗ ಮರೆಯದೇ ಹೇಳಿ. ಬಿಟ್ಟರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಬಿಲ್‌ನ ಕೊನೆಯಲ್ಲಿರುವ ಒಟ್ಟು ಮೊತ್ತ ನೋಡಿ ಹೋಲಿಸಬೇಡಿ. 2024ರ ಜುಲೈನಿಂದ ಒಂದು ವರ್ಷ ಕೇಂದ್ರ ಸರ್ಕಾರ ಪ್ರತಿ ಮನೆಗೆ 300 ಡಾಲರ್, ಆಮೇಲೆ 2025ರ ಕೊನೆಯವರೆಗೆ ಇನ್ನೂ 150 ಡಾಲರ್ ಪರಿಹಾರವನ್ನು ಕರೆಂಟ್ ಬಿಲ್‌ನಲ್ಲೇ ಕಳೆದು ಕೊಟ್ಟಿತ್ತು. ಆ ಕಾಲದ ಬಿಲ್ ಇಟ್ಟುಕೊಂಡು "ಆಗ ಎಷ್ಟು ಕಮ್ಮಿ ಇತ್ತು" ಅಂದರೆ ಲೆಕ್ಕ ಸರಿಹೋಗುವುದಿಲ್ಲ. ಯೂನಿಟ್ ಎಷ್ಟು, ದರ ಎಷ್ಟು, ದಿನ ಎಷ್ಟು ಎಂಬ ಮೂರನ್ನೇ ನೋಡಿ.

ಬಿಲ್‌ನಲ್ಲಿ ಮೀಟರ್ ಓದಿದ್ದು ನಿಜವಾಗಿಯೋ ಅಥವಾ ಅಂದಾಜಿನಲ್ಲೋ ಎಂಬುದನ್ನೂ ಬರೆದಿರುತ್ತಾರೆ. 'ಎಸ್ಟಿಮೇಟೆಡ್' ಅಂತಿದ್ದರೆ ಅದು ಅಂದಾಜು. ಮೀಟರ್ ಫೋಟೋ ತೆಗೆದು ಕಳಿಸಿ, ಸರಿಯಾದ ಬಿಲ್ ಕೇಳುವ ಅವಕಾಶ ನಿಮಗಿದೆ.

ಹೊಸಬರಿಗೆ ಹಳೇ ಬಿಲ್ ಇರುವುದಿಲ್ಲ, ಅಲ್ವಾ? ಚಿಂತೆ ಇಲ್ಲ. ಮುಂದಿನ ಹಂತದಲ್ಲಿ ಹೇಳುವ ಸರ್ಕಾರಿ ವೆಬ್‌ಸೈಟ್‌ಗಳು ಮನೆಯಲ್ಲಿ ಎಷ್ಟು ಜನ, ಹೀಟರ್ ಯಾವುದು ಎಂದು ಕೇಳಿ ಅಂದಾಜು ಮಾಡಿಕೊಡುತ್ತವೆ. ಆರು ತಿಂಗಳಾದ ಮೇಲೆ ನಿಜವಾದ ಬಿಲ್ ಇಟ್ಟುಕೊಂಡು ಇನ್ನೊಮ್ಮೆ ನೋಡಿದರಾಯಿತು.

ಹಂತ 3: ಸರ್ಕಾರಿ ವೆಬ್‌ಸೈಟ್‌ನಲ್ಲೇ ಹೋಲಿಸಿ

ವಿಕ್ಟೋರಿಯಾದವರಿಗೆ 'ವಿಕ್ಟೋರಿಯನ್ ಎನರ್ಜಿ ಕಂಪೇರ್'. ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್, ಸೌತ್ ಆಸ್ಟ್ರೇಲಿಯಾ, ಟಾಸ್ಮೇನಿಯಾ, ಕ್ಯಾನ್‌ಬೆರಾದವರಿಗೆ 'ಎನರ್ಜಿ ಮೇಡ್ ಈಜಿ'. ಮೊದಲನೆಯದು ರಾಜ್ಯ ಸರ್ಕಾರದ್ದು, ಎರಡನೆಯದನ್ನು ನಡೆಸುವುದು ಆಸ್ಟ್ರೇಲಿಯನ್ ಎನರ್ಜಿ ರೆಗ್ಯುಲೇಟರ್, ಅಂದರೆ ಈ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ. ಎರಡೂ ಉಚಿತ. ಯಾವ ಕಂಪನಿಯಿಂದಲೂ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಹುಡುಕಿದಾಗ ಮೇಲೆ ಜಾಹೀರಾತುಗಳು ಬರುತ್ತವೆ, ಅವನ್ನು ದಾಟಿ ವಿಳಾಸದ ಕೊನೆಯಲ್ಲಿ 'ಡಾಟ್ ಗವ್ ಡಾಟ್ ಎಯು' ಇರುವುದನ್ನೇ ಒತ್ತಿ.

ಟಿವಿಯಲ್ಲಿ, ಮೊಬೈಲ್‌ನಲ್ಲಿ ಬರುವ ಖಾಸಗಿ ಹೋಲಿಕೆ ಸೈಟ್‌ಗಳು ಹೆಚ್ಚಾಗಿ ಕಂಪನಿಗಳಿಂದ ಕಮಿಷನ್ ಪಡೆಯುತ್ತವೆ. ಎಲ್ಲ ಕಂಪನಿಗಳ ಎಲ್ಲ ಪ್ಲಾನ್‌ಗಳೂ ಅಲ್ಲಿ ಇರುವುದಿಲ್ಲ. ಇದು ನನ್ನ ಊಹೆಯಲ್ಲ. ಕರೆಂಟ್ ಪ್ಲಾನ್ ಹೋಲಿಸುವಾಗ ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ ಐಸೆಲೆಕ್ಟ್ ಎಂಬ ಸೈಟ್‌ಗೆ 2020ರಲ್ಲಿ ಫೆಡರಲ್ ಕೋರ್ಟ್ 85 ಲಕ್ಷ ಡಾಲರ್ ದಂಡ ಹಾಕಿತು. ರಿಯಲ್ ಎಸ್ಟೇಟ್ ಏಜೆಂಟರು ಕೊಡುವ 'ಉಚಿತ ಕನೆಕ್ಷನ್ ಸೇವೆ'ಯ ಹಿಂದೆಯೂ ಸಾಮಾನ್ಯವಾಗಿ ಕಮಿಷನ್ ಇರುತ್ತದೆ. ಬಾಡಿಗೆ ಅರ್ಜಿಯಲ್ಲಿ ಅದಕ್ಕೊಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಲೇಬೇಕೆಂದೇನಿಲ್ಲ.

ಸರ್ಕಾರಿ ಸೈಟ್‌ನಲ್ಲಿ ಪಿನ್‌ಕೋಡ್, ಎನ್ಎಂಐ, ಬಳಕೆಯ ಯೂನಿಟ್ ತುಂಬಿದರೆ ಪ್ಲಾನ್‌ಗಳ ಪಟ್ಟಿ ವರ್ಷದ ಅಂದಾಜು ಖರ್ಚಿನ ಸಮೇತ ಬರುತ್ತದೆ. ಮೇಲಿನ ನಾಲ್ಕೈದನ್ನು ಬರೆದಿಟ್ಟುಕೊಳ್ಳಿ. ಮೊದಲನೆಯದಕ್ಕೇ ಓಡಬೇಡಿ, ಇನ್ನೂ ನೋಡುವುದಿದೆ.

ಹಂತ 4: ದರ ಓದುವುದನ್ನು ಕಲಿಯಿರಿ

ಮೊದಲು ಒಂದು ಲೆಕ್ಕ. ಅಂಕಿಗಳು ಉದಾಹರಣೆಗಷ್ಟೇ.

ಮೊದಲನೇ ಪ್ಲಾನ್: ದಿನಕ್ಕೆ 110 ಸೆಂಟ್, ಯೂನಿಟ್‌ಗೆ 30 ಸೆಂಟ್.
ಎರಡನೇ ಪ್ಲಾನ್: ದಿನಕ್ಕೆ 145 ಸೆಂಟ್, ಯೂನಿಟ್‌ಗೆ 27 ಸೆಂಟ್.

ಒಬ್ಬರೇ ಇರುವ ವಿದ್ಯಾರ್ಥಿ 90 ದಿನಕ್ಕೆ 400 ಯೂನಿಟ್ ಬಳಸುತ್ತಾರೆ ಅಂದುಕೊಳ್ಳಿ. ಮೊದಲನೇ ಪ್ಲಾನ್‌ನಲ್ಲಿ 99 ಡಾಲರ್ ನಿಗದಿ ಹಣ, 120 ಡಾಲರ್ ಬಳಕೆಗೆ, ಒಟ್ಟು 219. ಎರಡನೆಯದರಲ್ಲಿ 130.50 ಮತ್ತು 108, ಒಟ್ಟು 238.50. ಮೊದಲನೆಯದೇ ಅಗ್ಗ.

ಈಗ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಊರಿಂದ ಬಂದಿರುವ ಅತ್ತೆ-ಮಾವ ಇರುವ ಮನೆ. 90 ದಿನಕ್ಕೆ 1,800 ಯೂನಿಟ್. ಮೊದಲನೇ ಪ್ಲಾನ್‌ನಲ್ಲಿ 639 ಡಾಲರ್. ಎರಡನೆಯದರಲ್ಲಿ 616.50. ಇಲ್ಲಿ ಎರಡನೆಯದು ಅಗ್ಗ.

ಪ್ಲಾನ್‌ಗಳು ಅವೇ. ಮನೆ ಬೇರೆ ಅಷ್ಟೇ. ಅದಕ್ಕೇ ಗೆಳೆಯರ ಮಾತು ಕೇಳಿ ಕಂಪನಿ ಆರಿಸಬೇಡಿ ಎಂದು ಮತ್ತೆ ಮತ್ತೆ ಹೇಳುತ್ತೇನೆ. ಕಡಿಮೆ ಬಳಸುವವರು ಸಪ್ಲೈ ಚಾರ್ಜ್ ಮೇಲೆ ಕಣ್ಣಿಡಿ. ಜಾಸ್ತಿ ಬಳಸುವವರು ಯೂನಿಟ್ ದರದ ಮೇಲೆ.

ಇನ್ನು ದರದ ಬಗೆಗಳು. ಮೂರು ಥರ ಇವೆ.

ಎಲ್ಲ ಹೊತ್ತಿಗೂ ಒಂದೇ ದರ ಇರುವುದು ಮೊದಲನೆಯದು. 'ಫ್ಲಾಟ್ ರೇಟ್' ಅಥವಾ 'ಸಿಂಗಲ್ ರೇಟ್' ಅನ್ನುತ್ತಾರೆ. ತಲೆಬಿಸಿ ಇಲ್ಲ.

ಎರಡನೆಯದು 'ಟೈಮ್ ಆಫ್ ಯೂಸ್', ಹೊತ್ತಿಗೆ ತಕ್ಕ ದರ. ಎಲ್ಲರೂ ಬಳಸುವ ಹೊತ್ತು ಪೀಕ್, ಆಗ ದರ ಜಾಸ್ತಿ. ಉಳಿದ ಹೊತ್ತು ಆಫ್-ಪೀಕ್, ಆಗ ಕಮ್ಮಿ. ವಿಕ್ಟೋರಿಯಾದಲ್ಲಿ ಪೀಕ್ ಸಾಮಾನ್ಯವಾಗಿ ಮಧ್ಯಾಹ್ನ 3ರಿಂದ ರಾತ್ರಿ 9. ಇದಕ್ಕೆ ಸ್ಮಾರ್ಟ್ ಮೀಟರ್ ಬೇಕು, ಅಂದರೆ ಅರ್ಧ ಗಂಟೆ ಅಥವಾ ಅದಕ್ಕಿಂತ ಕಡಿಮೆ ಹೊತ್ತಿನ ಲೆಕ್ಕವನ್ನೂ ತಾನೇ ಕಳಿಸುವ ಮೀಟರ್. ವಿಕ್ಟೋರಿಯಾದಲ್ಲಿ ಬಹುತೇಕ ಎಲ್ಲ ಮನೆಗಳಲ್ಲೂ ಇದೆ, ಬೇರೆ ಕಡೆ ಹಂತಹಂತವಾಗಿ ಹಾಕುತ್ತಿದ್ದಾರೆ.

ಇದು ನಿಮಗೆ ಹೊಂದುತ್ತದಾ? ನಿಮ್ಮ ಸಂಜೆಯನ್ನು ನೆನೆಸಿಕೊಳ್ಳಿ. ಮಕ್ಕಳು ಸ್ಕೂಲಿಂದ ಬರುವುದು ಮೂರೂವರೆಗೆ. ಹೀಟರ್ ಆನ್. ಆರಕ್ಕೆ ಅಡುಗೆ, ಏಳಕ್ಕೆ ಬಿಸಿನೀರಿನ ಸ್ನಾನ, ಎಂಟಕ್ಕೆ ಡ್ರೈಯರ್. ಖರ್ಚೆಲ್ಲ ಪೀಕ್‌ನಲ್ಲೇ ಆಗಿಹೋಯಿತು. ದೋಸೆ ಹಿಟ್ಟು ರುಬ್ಬುವುದನ್ನು ಮಧ್ಯಾಹ್ನಕ್ಕೆ ಹಾಕಿಕೊಂಡರೆ ಉಳಿತಾಯ ಎಂದು ಕೆಲವರು ಹೇಳುತ್ತಾರೆ. ಗ್ರೈಂಡರ್ ಎಳೆಯುವ ಕರೆಂಟ್ ಬಹಳ ಕಡಿಮೆ, ಅದರಿಂದ ಬಿಲ್ ಅಲ್ಲಾಡುವುದಿಲ್ಲ. ಬಿಲ್ ಏರಿಸುವುದು ಕಾಯಿಸುವ ಸಾಮಾನುಗಳು. 2,000 ವ್ಯಾಟ್‌ನ ಒಂದು ಚಿಕ್ಕ ಹೀಟರ್ ಸಂಜೆ ನಾಲ್ಕು ಗಂಟೆ ಉರಿದರೆ 8 ಯೂನಿಟ್. ಚಳಿಗಾಲದ 90 ದಿನಕ್ಕೆ 720 ಯೂನಿಟ್. ಯೂನಿಟ್‌ಗೆ 30 ಸೆಂಟ್ ಆದರೂ 216 ಡಾಲರ್, ಒಂದೇ ಒಂದು ರೂಮಿಗೆ! ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಆ ಹೀಟರ್ ಕೊಳ್ಳುವವರು ಇದನ್ನು ದಯವಿಟ್ಟು ಗಮನಿಸಿ. ಗೋಡೆಗೆ ಹಾಕಿದ, ಬಿಸಿಗಾಳಿಯನ್ನೂ ಕೊಡುವ ಎಸಿ ಇದ್ದರೆ ಅಷ್ಟೇ ಬೆಚ್ಚಗಾಗಲು ಕರೆಂಟ್ ಎಷ್ಟೋ ಕಡಿಮೆ ಸಾಕು.

ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವ ಮೆಷಿನ್, ಕಾರ್ ಚಾರ್ಜ್ ಮಾಡುವುದು ಇವನ್ನು ರಾತ್ರಿ ಒಂಬತ್ತರ ಮೇಲೆ ಅಥವಾ ಹಗಲಿನಲ್ಲಿ ಮಾಡಲು ಆಗುವವರಿಗೆ, ಮನೆಯಿಂದಲೇ ಕೆಲಸ ಮಾಡುವವರಿಗೆ ಟೈಮ್ ಆಫ್ ಯೂಸ್ ಲಾಭ. ಸೌತ್ ಆಸ್ಟ್ರೇಲಿಯಾದಲ್ಲಿ ಹಗಲಿನ ನಡುಹೊತ್ತಿನಲ್ಲಿ ಇನ್ನೂ ಅಗ್ಗದ ದರ ಇರುವ ಪ್ಲಾನ್‌ಗಳಿವೆ, ಬಿಸಿಲಿನ ಕರೆಂಟ್ ಆಗ ಧಾರಾಳವಾಗಿರುವುದರಿಂದ.

ಮೂರನೆಯದು 'ಡಿಮಾಂಡ್ ಟ್ಯಾರಿಫ್'. ಇದನ್ನು ಅರ್ಥ ಮಾಡಿಕೊಳ್ಳದೆ ಒಪ್ಪಬೇಡಿ. ಇಲ್ಲಿ ಒಟ್ಟು ಯೂನಿಟ್‌ಗಷ್ಟೇ ದುಡ್ಡು ಕೊಟ್ಟರೆ ಮುಗಿಯುವುದಿಲ್ಲ. ಪೀಕ್ ಹೊತ್ತಿನ ಯಾವುದಾದರೂ ಅರ್ಧ ಗಂಟೆಯಲ್ಲಿ ನೀವು ಎಳೆದ ಅತಿ ಹೆಚ್ಚು ಕರೆಂಟ್ ಎಷ್ಟೋ, ಅದರ ಮೇಲೆ ಆ ಬಿಲ್ ಅವಧಿಗೆ ಇನ್ನೊಂದು ಶುಲ್ಕ ಬೀಳುತ್ತದೆ. ಜನವರಿಯ ಒಂದು ಸಂಜೆ, 40 ಡಿಗ್ರಿ ಬಿಸಿಲು, ಮನೆಗೆ ನೆಂಟರು ಬಂದಿದ್ದಾರೆ. ಎಸಿ, ಓವನ್, ಕೆಟಲ್, ಡ್ರೈಯರ್ ಎಲ್ಲ ಒಟ್ಟಿಗೆ ನಡೆಯುತ್ತಿವೆ. ಆ ಅರ್ಧ ಗಂಟೆ ಇಡೀ ತಿಂಗಳ ಬಿಲ್ ಏರಿಸಿಬಿಡಬಹುದು. ಪ್ಲಾನ್ ವಿವರದಲ್ಲಿ 'ಡಿಮಾಂಡ್' ಎಂಬ ಪದ ಕಂಡರೆ ಕಂಪನಿಗೆ ಫೋನ್ ಮಾಡಿ, ಅದಿಲ್ಲದ ಪ್ಲಾನ್ ಇದೆಯಾ ಕೇಳಿ. ಹೊಸ ಸ್ಮಾರ್ಟ್ ಮೀಟರ್ ಹಾಕಿಸಿಕೊಂಡ ಮೇಲೆ ದರದ ಬಗೆ ಬದಲಾಗಿದೆಯಾ ಎಂದು ಕೂಡ ನೋಡಿಕೊಳ್ಳಿ.

ಹಂತ 5: ಶೇಕಡಾ ಲೆಕ್ಕಕ್ಕೆ ಮರುಳಾಗಬೇಡಿ

ಜಾಹೀರಾತಿನಲ್ಲಿ "ರೆಫರೆನ್ಸ್ ಪ್ರೈಸ್‌ಗಿಂತ ಶೇ. 15 ಕಡಿಮೆ" ಎಂದು ಬರುತ್ತದೆ. 2019ರ ಜುಲೈ 1ರಿಂದ ಸರ್ಕಾರದ ಕಡೆಯಿಂದ ಪ್ರತಿ ವರ್ಷ ಒಂದು ಆಧಾರ ಬೆಲೆ ನಿಗದಿಯಾಗುತ್ತದೆ. ನ್ಯೂ ಸೌತ್ ವೇಲ್ಸ್, ಆಗ್ನೇಯ ಕ್ವೀನ್ಸ್‌ಲ್ಯಾಂಡ್, ಸೌತ್ ಆಸ್ಟ್ರೇಲಿಯಾದಲ್ಲಿ ಅದರ ಹೆಸರು 'ಡಿಫಾಲ್ಟ್ ಮಾರ್ಕೆಟ್ ಆಫರ್', ವಿಕ್ಟೋರಿಯಾದಲ್ಲಿ 'ವಿಕ್ಟೋರಿಯನ್ ಡಿಫಾಲ್ಟ್ ಆಫರ್'. ಎಲ್ಲ ಕಂಪನಿಗಳೂ ಅದಕ್ಕೆ ಹೋಲಿಸಿಯೇ ರಿಯಾಯಿತಿ ಹೇಳಬೇಕು. ಅದಕ್ಕೂ ಮೊದಲು ಕಂಪನಿಗಳು ತಾವೇ ದರ ಏರಿಸಿ ತಾವೇ ಇಳಿಸಿ "ಭಾರಿ ರಿಯಾಯಿತಿ" ಎನ್ನುತ್ತಿದ್ದವು. ಈ ನಿಯಮದಿಂದ ನಿಜವಾಗಿಯೂ ಒಳ್ಳೆಯದಾಗಿದೆ.

ಆದರೆ ಆ ಶೇಕಡಾವಾರು ಒಂದು ಸಾಮಾನ್ಯ ಮನೆಯ ಬಳಕೆಯ ಮೇಲೆ ಲೆಕ್ಕ ಹಾಕಿದ್ದು. ವಿಕ್ಟೋರಿಯಾದಲ್ಲಿ ವರ್ಷಕ್ಕೆ 4,000 ಯೂನಿಟ್ ಎಂದು ಹಿಡಿಯುತ್ತಾರೆ. ನೀವು 1,600 ಅಥವಾ 7,000 ಬಳಸುವವರಾದರೆ ನಿಮ್ಮ ಲೆಕ್ಕ ಬೇರೆಯೇ. ಇನ್ನೊಂದು, ಈ ಆಧಾರ ಬೆಲೆ ಇರುವುದು ಕರೆಂಟ್‌ಗೆ ಮಾತ್ರ. ಗ್ಯಾಸ್‌ಗೆ ಇಲ್ಲ. ಗ್ಯಾಸ್ ಪ್ಲಾನ್‌ನಲ್ಲಿ "ಶೇ. 20 ರಿಯಾಯಿತಿ" ಎಂದರೆ ಯಾವುದರ ಮೇಲೆ ಎಂದು ಕೇಳಿ. ಉತ್ತರ ಸಾಮಾನ್ಯವಾಗಿ ಆ ಕಂಪನಿಯದೇ ದರದ ಮೇಲೆ.

ಪ್ರತಿ ಪ್ಲಾನ್‌ಗೂ ಒಂದು ಮಾಹಿತಿ ಪತ್ರ ಇರುತ್ತದೆ. ಅದನ್ನು ತೆರೆದು ನೋಡಬೇಕಾದವು: ರಿಯಾಯಿತಿ ಎಷ್ಟು ತಿಂಗಳಿಗೆ? ದರ ಯಾವಾಗ ಬೇಕಾದರೂ ಬದಲಾಗಬಹುದಾ? ಗಡುವಿನೊಳಗೆ ಕಟ್ಟಿದರೆ ಮಾತ್ರ ರಿಯಾಯಿತಿಯಾ? ಪ್ಲಾನ್ ಬಿಟ್ಟರೆ ಶುಲ್ಕ ಇದೆಯಾ? ಕಾಗದದ ಬಿಲ್‌ಗೆ, ಕ್ರೆಡಿಟ್ ಕಾರ್ಡ್‌ಗೆ ಬೇರೆ ಹಣವಾ? ಸೇರಿದ ಕೂಡಲೇ 50 ಡಾಲರ್, 100 ಡಾಲರ್ ಕ್ರೆಡಿಟ್ ಕೊಡುವ ಪ್ಲಾನ್‌ಗಳಲ್ಲಿ ದರ ಸ್ವಲ್ಪ ಜಾಸ್ತಿ ಇಟ್ಟಿರುವುದೂ ಉಂಟು. ಕ್ರೆಡಿಟ್ ಒಂದು ಸಲ ಬರುತ್ತದೆ, ದರ ದಿನಾ ಬೀಳುತ್ತದೆ.

ಚಾವಣಿಯ ಮೇಲೆ ಸೋಲಾರ್ ಇರುವವರಿಗೊಂದು ಮಾತು. ನೀವು ಹೊರಗೆ ಕಳಿಸುವ ಕರೆಂಟ್‌ಗೆ ಸಿಗುವ ಹಣಕ್ಕೆ 'ಫೀಡ್-ಇನ್ ಟ್ಯಾರಿಫ್' ಅನ್ನುತ್ತಾರೆ. ಕೆಲವು ವರ್ಷಗಳ ಹಿಂದಿನದಕ್ಕೆ ಹೋಲಿಸಿದರೆ ಅದು ತುಂಬಾ ಇಳಿದಿದೆ. ಅದೊಂದೇ ಜಾಸ್ತಿ ಇರುವ ಪ್ಲಾನ್ ಹಿಂದೆ ಹೋದರೆ, ರಾತ್ರಿ ಕೊಳ್ಳುವ ಯೂನಿಟ್ ದರದಲ್ಲಿ ಏಟು ಬೀಳಬಹುದು.

ಹಂತ 6: ಗ್ಯಾಸನ್ನು ಬೇರೆಯೇ ಆಗಿ ನೋಡಿ

ಕರೆಂಟ್, ಗ್ಯಾಸ್ ಎರಡೂ ಒಂದೇ ಕಂಪನಿಯಲ್ಲಿದ್ದರೆ ಅಗ್ಗ ಅನ್ನುವುದು ಎಲ್ಲ ಸಲ ನಿಜವಲ್ಲ. ಎರಡನ್ನೂ ಬೇರೆ ಬೇರೆ ಹೋಲಿಸಿ, ಆಮೇಲೆ ಒಟ್ಟಿಗೆ ಕೊಡುವವರ ದರ ನೋಡಿ.

ಗ್ಯಾಸ್ ದರ ಮೆಟ್ಟಿಲುಮೆಟ್ಟಿಲಾಗಿರುತ್ತದೆ. ದಿನಕ್ಕೆ ಮೊದಲ ಇಷ್ಟು ಮೆಗಾಜೂಲ್‌ಗೆ ಒಂದು ದರ, ಅದರ ಮೇಲಿನದಕ್ಕೆ ಇನ್ನೊಂದು. ಅಡುಗೆಗೆ ಮಾತ್ರ ಬಳಸುವವರು ಮೊದಲ ಮೆಟ್ಟಿಲನ್ನೇ ನೋಡಿದರೆ ಸಾಕು. ಮನೆಯಿಡೀ ಬಿಸಿಗಾಳಿ ಹರಿಸುವ ಗ್ಯಾಸ್ ಹೀಟರ್ ಇರುವ ಮೆಲ್ಬರ್ನ್‌ನವರು ಎಲ್ಲ ಮೆಟ್ಟಿಲುಗಳನ್ನೂ, ಚಳಿಗಾಲಕ್ಕೆ ಬೇರೆ ದರ ಇದೆಯಾ ಎಂಬುದನ್ನೂ ನೋಡಬೇಕು.

ಸ್ವಂತ ಮನೆಯವರು ಒಂದು ಪ್ರಶ್ನೆ ಕೇಳಿಕೊಳ್ಳಿ: ನಮಗೆ ಗ್ಯಾಸ್ ಬೇಕಾ? ಗ್ಯಾಸ್‌ನ ನಿಗದಿ ಹಣ ದಿನಕ್ಕೆ 80 ಸೆಂಟ್ ಅಂದುಕೊಂಡರೆ, ವರ್ಷಕ್ಕೆ 292 ಡಾಲರ್. ಒಲೆ ಹಚ್ಚುವ ಮೊದಲೇ ಅಷ್ಟು. ವಿಕ್ಟೋರಿಯಾದಲ್ಲಿ 2024ರ ಜನವರಿಯಿಂದ ಪ್ಲಾನಿಂಗ್ ಪರ್ಮಿಟ್ ಬೇಕಾಗುವ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕವೇ ಇಲ್ಲ. ಕ್ಯಾನ್‌ಬೆರಾದಲ್ಲೂ ಹೊಸ ಸಂಪರ್ಕ ನಿಂತಿದೆ. ಬೆಂಕಿಯ ಮೇಲೆ ಫುಲ್ಕಾ ಉಬ್ಬಿಸುವುದು, ಬದನೆಕಾಯಿ ಸುಡುವುದು ಇಂಡಕ್ಷನ್‌ನಲ್ಲಿ ಆಗುವುದಿಲ್ಲ, ಆ ಬೇಸರ ನನಗೂ ಅರ್ಥವಾಗುತ್ತದೆ. ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಕೂಡ ಇಂಡಕ್ಷನ್ ಮೇಲೆ ಕೆಲಸ ಮಾಡುವುದಿಲ್ಲ, ತಳಕ್ಕೆ ಆಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಇದನ್ನೆಲ್ಲ ತೂಗಿ ನೋಡಿ. ಗ್ಯಾಸ್ ಬಿಡುವುದಾದರೆ ಸಂಪರ್ಕ ನಿಲ್ಲಿಸುವುದು ಬೇರೆ, ಮೀಟರ್ ಸಮೇತ ಕಾಯಂ ಆಗಿ ತೆಗೆಸುವುದು ಬೇರೆ. ಎರಡರ ಶುಲ್ಕವನ್ನೂ ಮೊದಲೇ ಕೇಳಿಕೊಳ್ಳಿ.

ಹಂತ 7: ಸೇರಿಕೊಳ್ಳಿ

ಬೇಕಾಗುವುದು: ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್, ವಿಳಾಸ, ಎನ್ಎಂಐ, ಇಮೇಲ್, ಹಣ ಕಟ್ಟುವ ವಿಧಾನ. ಹೊಸ ಮನೆಯಾದರೆ ಹೋಗುವ ದಿನಕ್ಕಿಂತ ಕನಿಷ್ಠ ಮೂರು ಕೆಲಸದ ದಿನ ಮೊದಲೇ ಮಾಡಿ. ಶುಕ್ರವಾರ ಸಂಜೆ ಕೀ ತಗೊಂಡು, ಆಮೇಲೆ ಫೋನ್ ಮಾಡಿದರೆ ವಾರಾಂತ್ಯ ಕತ್ತಲೆಯಲ್ಲಿ ಕಳೆಯಬೇಕಾದೀತು.

ಇಂಗ್ಲಿಷ್‌ನಲ್ಲಿ ಫೋನ್ ಮಾತಾಡಲು ಹಿಂಜರಿಕೆ ಇರುವ ಹಿರಿಯರಿಗೆ ಸರ್ಕಾರದ ದುಭಾಷಿ ಸೇವೆ ಇದೆ, ಟಿಐಎಸ್ ನ್ಯಾಷನಲ್, ನಂಬರ್ 131 450. ಕನ್ನಡ ದುಭಾಷಿ ಬೇಕು ಎಂದು ಕೇಳಿ.

ಕನ್ಸೆಷನ್ ಕಾರ್ಡ್ ಇದ್ದರೆ, ಅಂದರೆ ಪಿಂಚಣಿದಾರರ ಕಾರ್ಡ್ ಅಥವಾ ಹೆಲ್ತ್ ಕೇರ್ ಕಾರ್ಡ್ ಇದ್ದರೆ, ಸೇರುವಾಗಲೇ ಹೇಳಿ. ವಿಕ್ಟೋರಿಯಾದಲ್ಲಿ ಅರ್ಹರಿಗೆ ಕರೆಂಟ್ ಬಿಲ್‌ನಲ್ಲಿ ವರ್ಷಪೂರ್ತಿ, ಗ್ಯಾಸ್ ಬಿಲ್‌ನಲ್ಲಿ ಮೇ 1ರಿಂದ ಅಕ್ಟೋಬರ್ 31ರವರೆಗೆ ಶೇ. 17.5 ರಿಯಾಯಿತಿ ಇದೆ. ಕಂಪನಿ ಬದಲಾಯಿಸಿದಾಗ ಇದು ತಾನಾಗಿ ಹಿಂದೆ ಬರುವುದಿಲ್ಲ, ಹೊಸ ಕಂಪನಿಗೆ ನೀವೇ ಕಾರ್ಡ್ ನಂಬರ್ ಕೊಡಬೇಕು. ಎಷ್ಟೋ ಹಿರಿಯರು ಇದನ್ನು ಹೀಗೇ ಕಳೆದುಕೊಳ್ಳುತ್ತಾರೆ. ನಿಮ್ಮ ಅಪ್ಪ-ಅಮ್ಮನ ಬಿಲ್ ಒಮ್ಮೆ ತೆಗೆದು ನೋಡಿ. ಮನೆಯಲ್ಲಿ ಆಕ್ಸಿಜನ್ ಯಂತ್ರ, ಡಯಾಲಿಸಿಸ್‌ನಂಥ ಜೀವರಕ್ಷಕ ಉಪಕರಣ ಇದ್ದರೂ ಮೊದಲು ಹೇಳಬೇಕಾದ್ದು ಅದನ್ನೇ. ಹೆಸರು ನೋಂದಾಯಿಸಿದರೆ ಕರೆಂಟ್ ಕಡಿತಕ್ಕೆ ವಿಶೇಷ ರಕ್ಷಣೆ ಸಿಗುತ್ತದೆ.

ಇರುವ ಮನೆಯಲ್ಲೇ ಕಂಪನಿ ಬದಲಾಯಿಸುವವರು ಹಳೇ ಕಂಪನಿಗೆ ಫೋನ್ ಮಾಡಿ "ನಿಲ್ಲಿಸಿ" ಅನ್ನಬೇಡಿ. ಅವರು ಸಂಪರ್ಕವನ್ನೇ ಕಡಿಸಿಬಿಟ್ಟರೆ ತೊಂದರೆ. ವರ್ಗಾವಣೆಯನ್ನು ಹೊಸ ಕಂಪನಿಯೇ ಮಾಡಿಸುತ್ತದೆ. ಒಪ್ಪಿದ ಮೇಲೂ 10 ಕೆಲಸದ ದಿನಗಳ 'ಕೂಲಿಂಗ್ ಆಫ್' ಅವಧಿ ಇದೆ, ಅಷ್ಟರೊಳಗೆ ಶುಲ್ಕವಿಲ್ಲದೆ ಹಿಂದೆ ಸರಿಯಬಹುದು. ಮಾಲ್‌ನಲ್ಲಿ ನಿಲ್ಲಿಸಿ, ಫೋನ್ ಮಾಡಿ ಒತ್ತಾಯಿಸುವವರಿಗೆ "ಮನೆಗೆ ಹೋಗಿ ನೋಡಿ ಹೇಳ್ತೀನಿ" ಅಂದರೆ ಸಾಕು. ಅವರಿಗೆ ಎನ್ಎಂಐ ಹೇಳಬೇಡಿ, ಬಿಲ್ ತೋರಿಸಬೇಡಿ.

ಹಂತ 8: ಮೊದಲ ದಿನವೇ ಮೀಟರ್ ಫೋಟೋ

ಕೀ ಸಿಕ್ಕ ದಿನ ಕರೆಂಟ್ ಮೀಟರ್, ಗ್ಯಾಸ್ ಮೀಟರ್ ಎರಡರ ಫೋಟೋ ತೆಗೆಯಿರಿ. ಅಂಕಿಯ ಜೊತೆಗೆ ಮೀಟರ್ ನಂಬರ್ ಕೂಡ ಕಾಣಬೇಕು. ಮೆಲ್ಬರ್ನ್‌ನಲ್ಲಿ ನಾವು ಎರಡನೇ ಬಾಡಿಗೆ ಮನೆಗೆ ಹೋದಾಗ ಮೊದಲ ಗ್ಯಾಸ್ ಬಿಲ್ ಎರಡರಷ್ಟು ಬಂತು. ಶುರುವಿನ ಅಂಕಿಯನ್ನು ಅಂದಾಜಿನಲ್ಲಿ ಹಾಕಿದ್ದರು, ಹಿಂದಿನವರ ಬಳಕೆಯೂ ನಮ್ಮ ತಲೆಗೆ ಬಂದಿತ್ತು. ಫೋನ್‌ನಲ್ಲಿ ಮೊದಲ ದಿನದ ಫೋಟೋ ಇತ್ತು, ಕಳಿಸಿದೆವು. ಎರಡು ವಾರದಲ್ಲಿ ಸರಿಯಾದ ಬಿಲ್ ಬಂತು. ಆ ಫೋಟೋ ಇಲ್ಲದಿದ್ದರೆ ವಾದ ಮಾಡಲು ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಕಂಪನಿ ದೂರು ಕೇಳದಿದ್ದರೆ ರಾಜ್ಯದ ಎನರ್ಜಿ ಓಂಬುಡ್ಸ್‌ಮನ್ ಇದ್ದಾರೆ, ಅಂದರೆ ಗ್ರಾಹಕ ಮತ್ತು ಕಂಪನಿಯ ನಡುವೆ ನ್ಯಾಯ ಹೇಳುವ ಸ್ವತಂತ್ರ ಕಚೇರಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಇವಾನ್, ವಿಕ್ಟೋರಿಯಾದಲ್ಲಿ ಇವಾವ್ ಎಂದು ಕರೆಯುತ್ತಾರೆ. ಖರ್ಚಿಲ್ಲ. ಮೊದಲು ಕಂಪನಿಗೆ ದೂರು ಕೊಟ್ಟು ಅದರ ನಂಬರ್ ಇಟ್ಟುಕೊಂಡಿರಿ. ಬಿಲ್ ಕಟ್ಟಲು ಕಷ್ಟವಾದರೆ ಸುಮ್ಮನೆ ಕೂರಬೇಡಿ. ಕಂತಿನಲ್ಲಿ ಕಟ್ಟಲು, ನೆರವು ಪಡೆಯಲು ಎಲ್ಲ ಕಂಪನಿಗಳಲ್ಲೂ ವ್ಯವಸ್ಥೆ ಇರಲೇಬೇಕೆಂಬುದು ಇಲ್ಲಿಯ ನಿಯಮ. ಕೇಳುವುದರಲ್ಲಿ ನಾಚಿಕೆಯ ಮಾತೇ ಇಲ್ಲ.

ಹಂತ 9: ವರ್ಷಕ್ಕೊಮ್ಮೆ ಮತ್ತೆ ನೋಡಿ

ಹಳೇ ಗ್ರಾಹಕರಿಗೆ ಕಂಪನಿ ತಾನಾಗಿ ಒಳ್ಳೇ ದರ ಕೊಡುತ್ತದೆ ಎಂದು ನಂಬಿ ಕೂರಬೇಡಿ. ಒಂದೇ ಹೆಸರಿನ ಪ್ಲಾನ್‌ಗೆ ಹೊಸಬರಿಗೆ ಒಂದು ದರ, ಹಳಬರಿಗೆ ಹೆಚ್ಚಿನ ದರ ಇರುವುದುಂಟು. ಕರೆಂಟ್ ದರಗಳು ಹೆಚ್ಚಾಗಿ ಜುಲೈ ಹೊತ್ತಿಗೆ ಬದಲಾಗುತ್ತವೆ. ಆಗಸ್ಟ್‌ನಲ್ಲಿ ಒಂದು ಭಾನುವಾರ ಇದಕ್ಕೆ ಇಟ್ಟುಕೊಳ್ಳಿ.

ಬಿಲ್‌ನ ಮೊದಲ ಪುಟದಲ್ಲೇ ಈಗ "ಇದಕ್ಕಿಂತ ಅಗ್ಗದ ಪ್ಲಾನ್‌ನಲ್ಲಿ ನೀವು ಇಷ್ಟು ಉಳಿಸಬಹುದು" ಎಂಬ ಸಾಲು ಇರುತ್ತದೆ. ಹೀಗೆ ಆಗಾಗ ಹೇಳಲೇಬೇಕೆಂದು ಕಂಪನಿಗಳಿಗೆ ನಿಯಮವಿದೆ. ಆದರೆ ಅದು ಆ ಕಂಪನಿಯದೇ ಪ್ಲಾನ್‌ಗಳ ಹೋಲಿಕೆ. "ನೀವು ಈಗಾಗಲೇ ಅಗ್ಗದ ಪ್ಲಾನ್‌ನಲ್ಲಿದ್ದೀರಿ" ಎಂದಿದ್ದರೆ, ಊರಿಗೇ ಅಗ್ಗ ಎಂದಲ್ಲ. ಸರ್ಕಾರಿ ಸೈಟ್‌ನಲ್ಲಿ ಕಂಡ ದರ ಹೇಳಿ ಹಳೇ ಕಂಪನಿಗೇ ಫೋನ್ ಮಾಡಿ ನೋಡಿ. ಕೆಲವು ಸಲ ಅವರೇ ಇಳಿಸುತ್ತಾರೆ.

ಮನೆ ಬಿಡುವಾಗ ಮೂರು ಕೆಲಸದ ದಿನ ಮೊದಲೇ ಕಂಪನಿಗೆ ತಾರೀಖು ತಿಳಿಸಿ, ಕೊನೆಯ ಮೀಟರ್ ರೀಡಿಂಗ್ ಕೇಳಿ. ಖಾಲಿ ಮಾಡುವ ದಿನ ಇನ್ನೊಂದು ಫೋಟೋ. ಹೊಸ ವಿಳಾಸ, ಇಮೇಲ್ ಕೊಡಿ. ಕೊನೆಯ ಬಿಲ್ ಬಂದು ಹಣ ಕಟ್ಟಿಯಾದ ಮೇಲಷ್ಟೇ ಬ್ಯಾಂಕ್‌ನ ಡೈರೆಕ್ಟ್ ಡೆಬಿಟ್ ರದ್ದು ಮಾಡಿ. ಖಾತೆಯಲ್ಲಿ ಕ್ರೆಡಿಟ್ ಉಳಿದಿದ್ದರೆ ವಾಪಸ್ ಕೇಳಿ ಪಡೆಯಿರಿ, ಅದು ನಿಮ್ಮ ದುಡ್ಡು.